ಹನ್ನೊಂದು

ಫೋನಿನಲ್ಲಿ ಆತ ಹೇಳಿದ್ದು ಇಷ್ಟೇ:
'ದುರ್ಗಿಗುಡಿ ದಾಟಿ ಎಡಕ್ಕೆ, ಶಾಲೆಯ ಹಿಂದಿನ ಗೇಟು.
ಗುರುವಾರ ಏಳೂವರೆ.
ಜಗಲಿಯಲ್ಲಿ ಒಂದು ಬಲ್ಬು ಉರೀತಿರುತ್ತೆ.'
ನಾನು ಹೆಸರು ಹೇಳಹೊರಟರೆ
'ಅದಕ್ಕೇನು ಅವಸರ, ಬನ್ನಿ' ಅಂದ.

ಚೀಟಿ ಕೊಟ್ಟವಳು ಮೆಗ್ಗಾನ್ ಆಸ್ಪತ್ರೆಯ ನರ್ಸು.
ಮೂರು ತಿಂಗಳು ಅದು ನನ್ನ ಟೂಲ್ ಬ್ಯಾಗಿನಲ್ಲಿ
ಫ್ಯೂಸ್ ತಂತಿಯ ಸುರುಳಿಯೊಳಗೆ ಕೂತಿತ್ತು.
ಕೊನೆಯ ಅಂಕಿ ಮಾಸಿ, ಏಳೋ ಒಂದೋ ತಿಳಿಯದೆ
ಮೊದಲು ಒಂದು ಒತ್ತಿದೆ.
ಭದ್ರಾವತಿಯ ಯಾವುದೋ ಹಿಟ್ಟಿನ ಗಿರಣಿ.
'ರಾಗಿಯೋ, ಗೋಧಿಯೋ?' ಅಂದಳು ಹೆಂಗಸು.
ಇಟ್ಟುಬಿಟ್ಟೆ. ಮತ್ತೆ ಹತ್ತು ದಿನಕ್ಕೆ ಆ ನೆಪ ಸಾಕಾಯಿತು.

ಇಪ್ಪತ್ತೆರಡು ವರ್ಷದ ಲೈನ್‌ಮನ್ ನಾನು.
ಈ ಊರಿನ ಕಂಬ ಕಂಬದ ನಂಬರು ಬಲ್ಲೆ,
ಯಾವ ಮನೆಯ ಮೀಟರು ಸುಳ್ಳು ಹೇಳುತ್ತದೆ,
ಯಾವ ತೆಂಗಿನ ಗರಿ ಯಾವ ಗಾಳಿಗೆ ತಂತಿಗೆ ತಾಗುತ್ತದೆ.
ಬಿ.ಎಚ್. ರಸ್ತೆಯಲ್ಲಿ ಹಸಿರು ಮೀನಿನ ಬೋರ್ಡಿನ ಬಾರಿಗೆ
ತ್ರೀ ಫೇಸ್ ಎಳೆದವನೂ ನಾನೇ.
ಆ ರಾತ್ರಿಯ ಕ್ವಾರ್ಟರಿಗೆ ಮಾಲೀಕ ದುಡ್ಡು ಇಸಕೊಳ್ಳಲಿಲ್ಲ.
ಆಮೇಲಿನವಕ್ಕೆಲ್ಲ ಇಸಕೊಂಡ.

ಆದರೂ ಆ ಗುರುವಾರ ದಾರಿ ತಪ್ಪಿತು.
ತಪ್ಪಿತೋ, ತಪ್ಪಿಸಿಕೊಂಡೆನೋ.
ಓಣಿಯಲ್ಲಿ ಬೈಕು ಮೂರು ಸುತ್ತು.
ಮೊದಲ ಸುತ್ತಿಗೆ ನಮ್ಮ ಬಿಲ್ ಸೆಕ್ಷನ್ನಿನ ಸುಲೋಚನಮ್ಮ ಎದುರಾಗಿ
'ಕರೆಂಟ್ ತೆಗೀತೀರಾ?' ಅಂದರು.
'ಇಲ್ಲ ಮೇಡಂ, ಚೆಕಿಂಗು.'
ಎರಡನೆಯದಕ್ಕೆ ನಾಯಿ ಅಟ್ಟಿಸಿಕೊಂಡು ಬಂತು.
ಮೂರನೆಯದಕ್ಕೆ ಅದೂ ಸುಮ್ಮನೆ ಮಲಗಿತ್ತು.

ಹುಚ್ಚರಾಯ ನೆನಪಾದ.
ಲೈನ್ ತೆಗೆದಿದ್ದೇನೆ ಅಂದುಕೊಂಡೇ ಅವತ್ತು ನಾನು
'ಹತ್ತೋ' ಅಂದದ್ದು.
ಹತ್ತಿದ; ಮುಟ್ಟುವ ಮೊದಲು ಟೆಸ್ಟರು ತಾಗಿಸಿದ;
ಇಳಿದು ಬಂದು ನನ್ನ ಬಾಯಿ ಮೂಸಿದ.
ಹೊಡೆಯಲಿಲ್ಲ, ಬೈಯಲಿಲ್ಲ.
ಬೀಡಿ ಹಚ್ಚಲು ಹೋಗಿ ಮೂರು ಕಡ್ಡಿ ಮುರಿದ.

ಬಲ್ಬು ಇತ್ತು.
ಉರಿಯುತ್ತಿತ್ತು, ಆರುತ್ತಿತ್ತು, ಉರಿಯುತ್ತಿತ್ತು.
ಹೋಲ್ಡರ್ ಲೂಸು. ರಸ್ತೆಯಿಂದಲೇ ಗೊತ್ತಾಯಿತು.
ತುಸು ಹೊತ್ತು ಅದನ್ನೇ ನೋಡಿದೆ,
ಸರಿ ಮಾಡಲಾಗದ್ದೊಂದನ್ನು ಹೊತ್ತು ಬಂದವನಿಗೆ
ಸರಿ ಮಾಡಬಲ್ಲದ್ದೊಂದು ಸಿಕ್ಕ ಹಾಗೆ.

ಒಳಗೆ ಒಂದನೇ ಕ್ಲಾಸಿನ ಬೆಂಚು.
ಮೊಣಕಾಲು ಎದೆಗೆ ಬರುವಂತೆ ಕೂತ ಎಂಟು ಜನ.
ಇಸ್ತ್ರಿ ಶರ್ಟಿನವರು ನನ್ನ ಮಗಳ ಗಣಿತದ ಮೇಷ್ಟ್ರು.
ಅವರು ನನ್ನನ್ನು ನೋಡಿದರು, ನಾನು ಅವರನ್ನು.
ಆಮೇಲೆ ಇಬ್ಬರೂ ಬೋರ್ಡು ನೋಡಿದೆವು:
ಯಾರೂ ಒರೆಸದ ಕಾಗುಣಿತ, ಕ ಕಾ ಕಿ ಕೀ.
ಮೂಲೆಯಲ್ಲಿದ್ದ ಹೆಂಗಸು ಸರದಿ ಬಂದಾಗ
'ನಾನು ಜಬೀನಾ. ಹನ್ನೊಂದು ದಿನ' ಅಂದಳು.
ಮತ್ತೇನಿಲ್ಲ.
ಹನ್ನೊಂದು ಅಷ್ಟು ದೊಡ್ಡದೆಂದು
ಹನ್ನೊಂದು ಕೆ.ವಿ. ಲೈನಿನ ಕೆಳಗೂ ನನಗೆ ಅನಿಸಿರಲಿಲ್ಲ.

ನನ್ನ ಸರದಿ.
ನಾಲಿಗೆ ಏಳಲಿಲ್ಲ.
'ಆ ಬಲ್ಬು...' ಅಂದೆ.
ಯಾರೂ ನಗಲಿಲ್ಲ. ಫೋನಿನ ದನಿಯವನು, ಲಿಗೋರಿ,
ಹೋಗಿ ಸ್ಟೂಲು ತಂದ.

'ಮೇನ್ ತೆಗೀರಿ.' ಮೇಷ್ಟ್ರು ತೆಗೆದರು.
'ಇನ್ನೊಮ್ಮೆ ನೋಡಿ.' ನೋಡಿದರು.
ಆದರೂ ಟೆಸ್ಟರು ತಾಗಿಸಿದೆ.
ಕತ್ತಲಲ್ಲಿ ತಿರುಪಿನ ತಲೆ ಸಿಕ್ಕಲಿಲ್ಲ, ಸಿಕ್ಕರೆ ಕೈ ನಿಲ್ಲಲಿಲ್ಲ.
ಕೆಳಗೆ ಸ್ಟೂಲು ಹಿಡಿದ ಕೈಗಳು ಎಷ್ಟೋ, ಯಾರ್‍ಯಾರವೋ.
ಅದರಲ್ಲೊಂದು
ನನಗಿಂತ ಹೆಚ್ಚು ನಡುಗುತ್ತಿತ್ತು.

ಮನೆ ಸೇರಿದಾಗ ಒಂಬತ್ತು.
ಬಾಗಿಲಲ್ಲೇ ನಿಂತು ಉಸಿರೆಳೆದು ನೋಡಿದಳು ಇವಳು.
'ಎಲ್ಲಿ ಹೋಗಿತ್ತು ಕರೆಂಟು?'
'ಒಂದು ಶಾಲೇಲಿ.'
'ಬಂತಾ?'
'ಲೂಸಿದೆ ಇನ್ನೂ. ಗುರುವಾರ ಮತ್ತೆ ಹೋಗಬೇಕು.'