ತೂಕದ ಚೀಟಿ

ರಾತ್ರಿ ಹತ್ತೂವರೆಗೆ, ಕೊನೆಯ ಲಾರಿ ಇಳಿದ ಮೇಲೆ,
ಒಂಟಿ ಹೆಡ್‌ಲೈಟಿನ ಝೆನ್ ಬಂದು ನನ್ನ ವೇ ಬ್ರಿಜ್ ಏರಿತು.
ಟನ್ನುಗಟ್ಟಲೆ ಹೊತ್ತು ಜಡ್ಡುಗಟ್ಟಿದ ಹಲಗೆಗೆ
ಅದು ಕಾಗೆ ಬಂದು ಕೂತಷ್ಟೇ.
ಗಾದಿಲಿಂಗ ಇಳಿದು ಕಿಟಕಿಗೆ ಬಂದ:
"ಅಕ್ಕಾ, ಇದರ ತೂಕ ಹೇಳು. ಖರೇ ತೂಕ."

ಖರೇ ತೂಕ.
ಸಂಡೂರು ರಸ್ತೆಯ ಈ ಗೂಡಿನಲ್ಲಿ
ಹನ್ನೊಂದು ವರ್ಷ ಯಾರೂ ಆಡದ ಮಾತು.
ಇಪ್ಪತ್ತಾರು ಹೊತ್ತು ನರಳುತ್ತ ಬಂದದ್ದಕ್ಕೆ
ಹದಿನಾರು ಅಂತ ಚೀಟಿ ಹರಿದ ಕೈ ಇದು.
ಕೆಂಪು ಅಂಕಿ ಕುಣಿಕುಣಿದು ನಿಂತಿತು: ಏಳುನೂರ ಅರವತ್ತು.
ಇದ್ದದ್ದನ್ನು ಇದ್ದ ಹಾಗೆ ಬರೆದೆ.
ಅಕ್ಷರ ಯಾಕೋ ಸೊಟ್ಟಗೆ ಬಂದವು.

ಮುಂದಿನ ವಾರ ಹಿಂದಿನ ಸೀಟಿಲ್ಲದೆ ಬಂತು.
ಆಮೇಲೆ ಸ್ಟೆಪ್ನಿ ಇಲ್ಲದೆ, ಎ.ಸಿ. ಇಲ್ಲದೆ,
ಬಾಗಿಲ ರಟ್ಟು, ಸೂರಿನ ಬಟ್ಟೆ ಕಿತ್ತು.
ನೆಲಕ್ಕಂಟಿದ ಡಾಂಬರಿನ ಪದರ ಮಾತ್ರ ಏಳಲೊಲ್ಲದು;
ಬಳ್ಳಾರಿಯ ಬಿಸಿಲಿಗೆ ಅದು ಬೆಲ್ಲದ ಪಾಕ.
ಕೌಲ್ ಬಜಾರಿನ ಶೆಡ್ಡಿಗೆ ಮೌಲಾಲಿ
ಐಸ್ ಫ್ಯಾಕ್ಟರಿಯಿಂದ ಗಡ್ಡೆ ತರಿಸಿ ಮೇಲಿಟ್ಟು ಕಾದನಂತೆ,
ಉಳಿ ತಾಗಿದ್ದೇ ಚಕ್ಕುಲಿ ಮುರಿದ ಹಾಗೆ ಮುರಿಯಿತಂತೆ.

ಕಾರ್ಪೆಟ್ಟಿನ ಕೆಳಗೆ ಸಿಕ್ಕದ್ದು:
ಹೇರ್‌ಪಿನ್ನು, ಮೂರು ನಾಲ್ಕಾಣೆ,
ಯಾರದೋ ರಕ್ತಪರೀಕ್ಷೆಯ ರಸೀದಿ,
ಎರಡು ಹಿಡಿ ಅದಿರಿನ ಧೂಳು.
ಎಲ್ಲ ಪೊಟ್ಟಣ ಕಟ್ಟಿ ತಂದು ತೋರಿಸಿದ.
ಹತ್ತು ಕೇಜಿಗಿಂತ ಕಡಿಮೆಯದು
ನನ್ನ ಯಂತ್ರಕ್ಕೆ ಕಾಣುವುದಿಲ್ಲ ಎಂದೆ.
"ಹಂಗಾದ್ರ ಹೇರ್‌ಪಿನ್ನು ಸುಳ್ಳೇನಕ್ಕಾ?"

ಏಳುನೂರು. ಆರುನೂರ ಐವತ್ತು. ಆರುನೂರ ಇಪ್ಪತ್ತು.
ಹಿಂಬದಿ ಗಾಜಿನ ಜಾಗದಲ್ಲಿ ಅಕ್ರಿಲಿಕ್ ಹಾಳೆ.
ಗಾದಿಲಿಂಗ ತಾನೂ ರಾತ್ರಿಯೂಟ ಬಿಟ್ಟಿದ್ದ.
ಜೀನ್ಸ್ ಕಾರ್ಖಾನೆಯ ಕಟಿಂಗ್ ಮಾಸ್ತರ ಅವನು;
ಕತ್ತರಿಸುವುದು ಗೊತ್ತು,
ಎಲ್ಲಿ ನಿಲ್ಲಿಸಬೇಕೆಂಬುದು ಬೇರೆ ಕಸುಬು.

ಒಂದು ರಾತ್ರಿ ಮತ್ತೆ ಆರುನೂರ ಐವತ್ತು!
ಸೊನ್ನೆ ಮಾಡಿ ಇನ್ನೊಮ್ಮೆ ತೂಗಿದೆ. ಅಷ್ಟೇ.
ಒಳಗೆ ಉಕ್ಕಿನ ಪೈಪಿನ ಪಂಜರ, ಕೂರುವವನ ಸುತ್ತ.
"ಎರಡು ತಿಂಗಳು ಕೆರೆದದ್ದನ್ನ
ಒಂದೇ ದಿನಕ್ಕೆ ವಾಪಸ್ ತುಂಬಿದ ಈ ಮುದುಕ,"
ಗಾದಿಲಿಂಗನ ಮುಖ ಊದಿತ್ತು.
ಮೌಲಾಲಿ ಬೀಡಿ ಹೊರಗೇ ಆರಿಸಿ ಒಳಗೆ ಬಂದ:
"ಪಲ್ಟಿಯಾದ ದಿನ ಈ ಮೂವತ್ತು ಕೇಜಿ
ನಿನ್ನ ಹೊರ್ತೈತಿ. ಹಗುರಾಗೋದು ಬ್ಯಾರೆ,
ಬರಿದಾಗೋದು ಬ್ಯಾರೆ."
ಹೊಸಪೇಟೆ ರಸ್ತೆಯಲ್ಲಿ ಉರುಳಿ ಬಿದ್ದವುಗಳನ್ನು
ವರ್ಷಗಟ್ಟಲೆ ಕ್ರೇನಿಗೆ ಕಟ್ಟಿ ಎಳೆದವನು ಅವನು.
ಅವುಗಳಲ್ಲಿ ಎಷ್ಟರ ಜೇಬಲ್ಲಿ ನನ್ನ ಚೀಟಿ ಇತ್ತೋ,
ಅವನು ಹೇಳಲಿಲ್ಲ. ನಾನು ಕೇಳಲಿಲ್ಲ.

ಅದಿರು ಖಾಲಿಯಾದ ಸ್ಟಾಕ್ ಯಾರ್ಡು, ಕೆಂಪು ಉಳಿದ ಕಾಂಕ್ರೀಟು,
ಸುಣ್ಣದ ಗೆರೆ, ಹಳೆ ಟೈರಿನ ಗುಡ್ಡೆ, ಐದು ಕಾರು.
ಒಂಬತ್ತಕ್ಕೆ ನೆಲ ಹೆಂಚಾಗುತ್ತದೆಂದು
ಭಾನುವಾರ ಬೆಳಕು ಹರಿಯುವಾಗಲೇ ಶುರು.
ತಗಡಿನ ಡಬ್ಬಿಗೆ ಬೆಣಚುಕಲ್ಲು ಹಾಕಿ ಕುಲುಕಿದ ಸದ್ದು;
ಮೂರನೆಯ ತಿರುವಿನಲ್ಲಿ ಝೆನ್
ಒಳಗಿನ ಹಿಂಗಾಲನ್ನು ಎತ್ತಿತು,
ಕಂಬ ಕಂಡ ನಾಯಿಯ ಹಾಗೆ.
ಎಲ್ಲರೂ ನಕ್ಕರು. ನಾನು ಲೆಕ್ಕ ಹಾಕಿದೆ:
ಈಗ ಆ ಚಕ್ರದಡಿ ತೂಕ ಎಷ್ಟು?
ಸೊನ್ನೆ.
ಯಾರೂ ಫೋನು ಮಾಡಿ ಬರೆಸದ ಸೊನ್ನೆ.

ಸಂಜೆ ಮತ್ತೆ ಹಲಗೆ ಏರಿತು. ಆರುನೂರ ಅರವತ್ತು.
ಪೆಟ್ರೋಲು ತೀರಿತ್ತು, ಟೈರು ಸವೆದಿತ್ತು,
ಹತ್ತು ಎಲ್ಲಿಂದ ಕೂಡಿತು?
ಮೌಲಾಲಿ ಬಗ್ಗಿ ಚಕ್ರದ ಗೂಡಿಗೆ ಕೈ ಹಾಕಿ
ಬಾಚಿ ಬಾಚಿ ತೆಗೆದ ಕೆಂಪು ಮಣ್ಣು.
"ಅದನ್ನೂ ಬರಿ," ಅಂದ.
ಬರೆದೆ.