ಸೊನ್ನೆ ಪೆಟ್ಟು

ತದಡಿಯ ಐಸ್ ಫ್ಯಾಕ್ಟರಿಗೆ ನೆಲ ಕೊರೆದ ದಿನ
ನಾನಿರಲಿಲ್ಲ.
ಬೊಮ್ಮಯ್ಯ ಅಂಬಿಗರಿದ್ದರು, ಮುಕ್ಕಾಲಿ ಇತ್ತು,
ಅರವತ್ತಮೂರೂವರೆ ಕಿಲೋದ ಸುತ್ತಿಗೆ,
ಮೊಣಕಾಲ ಮಟ್ಟ ಭರತದ ನೀರು.

ಸರಳು ಒಂದಡಿ ಇಳಿಯಲು ಎಷ್ಟು ಪೆಟ್ಟು ಎಂಬುದೇ ಲೆಕ್ಕ.
ಚಿರೆಕಲ್ಲಿಗೆ ಐವತ್ತಾದರೂ ಬೇಕು,
ಮರಳಿಗೆ ಹದಿನೆಂಟು, ಇಪ್ಪತ್ತು.
ಇಲ್ಲಿ, ಗಜನಿಯ ಮೇಲೆ ಕೆಮ್ಮಣ್ಣು ಸುರಿದ ಜಾಗದಲ್ಲಿ,
ಆರು ಮೀಟರ್ ಆಳಕ್ಕೆ
ಸುತ್ತಿಗೆ ಎತ್ತುವ ಮೊದಲೇ
ಸರಳು ತನ್ನ ಭಾರಕ್ಕೆ ತಾನೇ ಇಳಿದುಹೋಯಿತಂತೆ.
ಬೆಣ್ಣೆಯಿಂದ ಕೂದಲು ತೆಗೆದ ಹಾಗಲ್ಲ,
ಬೆಣ್ಣೆಯೇ ಕೂದಲನ್ನು ಒಳಗೆಳೆದುಕೊಂಡ ಹಾಗೆ.

ಬೊಮ್ಮಯ್ಯ ಹಸಿ ಹಾಳೆಯ ಮೇಲೆ ದುಂಡಗೆ ಬರೆದರು: 0.
ಅದರ ಕೆಳಗೆ ಇನ್ನೊಂದು: 0.
ಮತ್ತೊಂದು.

ಮೂರು ವರ್ಷದ ಮೇಲೆ ಆ ಹಾಳೆ ನನ್ನ ಮೇಜಿಗೆ ಬಂತು.
ಕಾರವಾರದ ಕಚೇರಿ, ಕಿಟಕಿಯಲ್ಲಿ ಬೈತಖೋಲದ ಗುಡ್ಡ,
ಒಂದು ಕಂಪ್ಯೂಟರು. ಅದಕ್ಕೆ ಮಣ್ಣು ಕಲಿಸುವುದು ನನ್ನ ಕೆಲಸ.
ಕಾಳಿಯ ಬಾಯಿಂದ ಶರಾವತಿಯ ಬಾಯಿತನಕ
ಕೊರೆದ ಗುಂಡಿ ನಾನೂರ ಹನ್ನೆರಡು;
ಜಿಗುಟೆಷ್ಟು, ತೇವವೆಷ್ಟು, ಯಾವ ಗೋಡೆ ಯಾವ ಮಳೆಗಾಲದಲ್ಲಿ
ಎಷ್ಟು ಮಿಲಿಮೀಟರ್ ಕುಸಿಯಿತು
ಎಂದು ತುತ್ತು ತುತ್ತಾಗಿ ತಿನ್ನಿಸಿದೆ.
ತಿನ್ನಿಸುವ ಮೊದಲು ಅಕ್ಕಿಯ ಹಾಗೆ ಆರಿಸಬೇಕು.
ಸೊನ್ನೆ ಕಂಡಲ್ಲೆಲ್ಲ ಅನಿಸಿತು,
ಪಾಪ, ಬರೆಯಲು ಮರೆತಿದ್ದಾರೆ,
ಮಳೆ ಹೊಡೆದಿರಬೇಕು, ಊಟದ ಹೊತ್ತಾಗಿರಬೇಕು.
ಅಕ್ಕಪಕ್ಕದ ಅಂಕಿಗಳ ಸರಾಸರಿ ತೆಗೆದು
ಖಾಲಿಗಳನ್ನೆಲ್ಲ ತುಂಬಿದೆ.
ಒಂದು ಸಾಲಿನ ಆಜ್ಞೆ. ಎಂಟು ಸೆಕೆಂಡು.
ಗಜನಿ ತುಂಬಲು ಅವರಿಗೆ ಎರಡು ಬೇಸಿಗೆ ಹಿಡಿದಿತ್ತು,
ಆರುನೂರು ಟಿಪ್ಪರ್.

ಯಂತ್ರ ಜಾಣ ಕೂಸು, ಬೇಗ ಕಲಿಯಿತು. ಹೇಳಿತು:
ತದಡಿ ಐಸ್ ಫ್ಯಾಕ್ಟರಿ, ಹಸಿರು.

ಆ ಕಾಗದ ಹಿಡಿದು ಹೋದದ್ದು ಜುಲೈಯಲ್ಲಿ.
ಬೋಟುಗಳು ಟಾರ್ಪಾಲು ಹೊದ್ದು ದಡದಲ್ಲಿ,
ಉಪ್ಪುನೀರಿನ ತೊಟ್ಟಿ ಬರಿದು.
ಉಲ್ಲಾಸ ತಾಂಡೇಲರು ಚಹಾ ತರಿಸಿದರು.
ಬಾಗಿಲು ಚೌಕಟ್ಟಿಗೆ ಕೂರುತ್ತಿರಲಿಲ್ಲ.
“ಮಳೆಗೆ ಮರ ಉಬ್ಬಿದ್ದು” ಅಂದರು.
ಬಾಗಿಲು ತಗಡಿನದು.

ಬೊಮ್ಮಯ್ಯ ಹೊರಗೆ ಬಲೆಯ ಗುಪ್ಪೆಯ ಮೇಲೆ ಕೂತಿದ್ದವರು
ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು ಬೆರಳಿಟ್ಟರು:
“ಇಲ್ಲಿ ಏಳು ಅಂತ ಬರ್ದದ್ದು ಯಾರು?
ನಾನು ಸೊನ್ನೆ ಬರ್ದಿದ್ದೆ.”
“ಖಾಲಿ ಬಿಟ್ಟಿದ್ರಿ ಅಂದ್ಕೊಂಡೆ.”
“ಖಾಲಿ ಬಿಡುದಾದ್ರೆ ಖಾಲಿನೇ ಬಿಡ್ತಿದ್ದೆ ತಂಗಿ.
ಸೊನ್ನೆ ಅಂದ್ರೆ, ಅಲ್ಲಿ ಇದ್ದದ್ದೇ ಅದು.”
ಎದ್ದು, ಐಸ್ ಒಡೆಯುವ ಉಕ್ಕಿನ ಸರಳು ತಂದು
ಇಳಿತದಲ್ಲಿ ಬಿಚ್ಚಿಕೊಂಡ ಕೆಸರಿನಲ್ಲಿ
ಒತ್ತದೆ, ಸುಮ್ಮನೆ ನಿಲ್ಲಿಸಿ, ಕೈಬಿಟ್ಟರು.
ಸರಳು ನಿಂತುಕೊಂಡೇ ಇಳಿಯಿತು,
ಯಾರೋ ಕೆಳಗಿಂದ ಮೆಲ್ಲಗೆ ಇಸಿದುಕೊಂಡಂತೆ.

ಆ ರಾತ್ರಿ ಸೊನ್ನೆಗಳನ್ನು ವಾಪಸು ಇಟ್ಟೆ.
ನೂರ ಆರು. ಒಂದೊಂದಾಗಿ, ಕೈಯಿಂದಲೇ,
ಪ್ರತಿ ಸೊನ್ನೆಗೂ ಆ ಸರಳು ನೆನಪಾಗುತ್ತಿತ್ತು.
ಯಂತ್ರಕ್ಕೆ ಹೇಳಿದೆ: ಕಲಿತದ್ದು ಮರೆ, ಮೊದಲಿಂದ ಬಾ.
ಬೆಳಗಿನ ಜಾವ ಕೆಂಪು ಹತ್ತಿತು.
ಹನ್ನೊಂದನೇ ಕಂಬ. ತೊಟ್ಟಿ ತುಂಬಿದ ಮೇಲೆ
ನಲವತ್ತರಿಂದ ತೊಂಬತ್ತು ದಿನ.

“ನಲವತ್ತೋ, ತೊಂಬತ್ತೋ?” ಕೇಳಿದರು ತಾಂಡೇಲರು,
“ನಡುವೆ ಬಂಗಡೆ ಬರ್ತದಲ್ಲ.”
ಉತ್ತರ ನನ್ನಲ್ಲಿರಲಿಲ್ಲ, ಯಂತ್ರದಲ್ಲೂ.
ಅರ್ಧ ತೊಟ್ಟಿ ಎಂದು ಕೊನೆಗೆ ಒಪ್ಪಿದರು,
ಒಪ್ಪದವರ ಮುಖದಲ್ಲಿ.

ಕಂಬದ ಬಿರುಕಿಗೆ ಅಡ್ಡ ಗಾಜಿನ ಪಟ್ಟಿ ಅಂಟಿಸಿದೆ.
ತಾರೀಖು ಬರೆದೆ: ಆಗಸ್ಟ್ ಮೂರು.
ಪಕ್ಕದಲ್ಲಿ, ಎಷ್ಟು ಸರಿಯಿತು ಎಂದು ಬರೆಯುವ ಜಾಗ.
ಪೆನ್ನು ತುಸು ಹೊತ್ತು ತಡೆಯಿತು.
ಆಮೇಲೆ ಬರೆದೆ, ದುಂಡಗೆ: 0.

ಬೊಮ್ಮಯ್ಯ ಬಗ್ಗಿ ನೋಡಿದರು.
“ಇವತ್ತಿಗೆ” ಅಂದರು.