ಜೇಬಿನ ಬೊಂತೆ

ಮೂರನೇ ಸೂಜಿಯೂ ಮುರಿಯಿತು.
ಹದಿನೆಂಟರ ಸೂಜಿ ಬೇಕಿತ್ತು ಇದಕ್ಕೆ,
ಶಿಡ್ಲಘಟ್ಟದ ಪೇಟೆಯಲ್ಲಿ ಸಿಕ್ಕಿದ್ದು ಹದಿನಾರರದ್ದು.
ಎರಡು ಹೊಲಿಗೆ ಕೂಡುವ ಕಡೆ ಮಿಷನ್ನು
ಕೆಮ್ಮಿ ನಿಲ್ಲುತ್ತದೆ; ಚಕ್ರವನ್ನು ಕೈಯಲ್ಲೇ ತಿರುಗಿಸುತ್ತೇನೆ.

ಇದು ನಮ್ಮವರ ಪ್ಯಾಂಟು: ಎಡ ಮಂಡಿ ಮಾತ್ರ ಸವೆದಿದೆ,
ಪಂಕ್ಚರ್ ಹಾಕುವಾಗ ಊರುವುದು ಅದನ್ನೇ.
ಇದು ಮೈದುನ ವರದನದು: ಅಂಗಡಿಯಲ್ಲೇ ಹರಿದಿತ್ತು,
ಹರಿದದ್ದಕ್ಕೆ ಇನ್ನೂರು ಹೆಚ್ಚು ಕೊಟ್ಟು ತಂದಿದ್ದ.
ಇದು ನನ್ನದು. ಒಂದೇ ಒಂದು.
ಚಿಂತಾಮಣಿಯಲ್ಲಿ ಓದುವಾಗ ಎರಡು ಸಲ ಹಾಕಿದ್ದು.
ಕತ್ತರಿ ಇಡುವ ಮೊದಲು ಸೊಂಟಕ್ಕೆ ಹಿಡಿದು ನೋಡಿದೆ.
ಮನೆಯಲ್ಲಿ ಯಾರೂ ಇರಲಿಲ್ಲ.

ಅತ್ತೆ ನಾರೆಮ್ಮ ಹೊಸಿಲ ಮೇಲೆ ಕೂತು
ಹಳೇ ಬ್ಲೇಡಿನಲ್ಲಿ ಹೊಲಿಗೆ ಬಿಚ್ಚಿಕೊಟ್ಟಳು.
ಮೂವತ್ತು ವರ್ಷ ಕುದಿನೀರಲ್ಲಿ
ಗೂಡಿನ ಎಳೆ ಹುಡುಕಿದ ಬೆರಳು,
ತುದಿಯಲ್ಲಿ ಗೆರೆಯೇ ಇಲ್ಲ.
ರೇಷನ್ ಅಂಗಡಿಯ ಮಿಷನ್ನು ಒಪ್ಪುವುದಿಲ್ಲ ಅವನ್ನು,
ದಾರ ಒಪ್ಪುತ್ತದೆ.
ನನ್ನ ಪ್ಯಾಂಟು ಕೈಗೆ ಬಂದಾಗ
"ಈ ಜೇಬೊಂದು ಬಿಚ್ಚಲ್ಲ ಕಣೇ, ಇರ್ಲಿ" ಅಂದಳು.
ಯಾಕೆ ಅಂತ ಕೇಳಲಿಲ್ಲ.
ಬಲ ಮಗ್ಗುಲಿಗೆ ಬರುವಂತೆ ಕೂಡಿಸಿದೆ.

ಈಗ ಧನುರ್ಮಾಸದ ಚಳಿ. ಬೊಂತೆ ಮಣಭಾರ,
ಒಗೆದರೆ ಇಬ್ಬರು ಹಿಂಡಬೇಕು,
ಮೂರು ದಿನ ಮೋರಿ ಗೋಡೆಯ ಮೇಲೆ ಒಣಗಬೇಕು,
ಬೀದಿಯವರೆಲ್ಲ ಯಾರ ಕಾಲು ಎಲ್ಲಿದೆ ಅಂತ ಕೇಳಬೇಕು.

ರಾತ್ರಿ ದೀಪ ಆರಿಸಲು ಹೋದೆ.
ಸೆರಗಿನ ತುದಿಯ ಗಂಟು ಬಿಚ್ಚಿತ್ತು,
ಎಷ್ಟೋ ವರ್ಷದ ಮಡಿಕೆ ಸೀರೆಗೆ ಹಾಗೇ ಕೂತಿತ್ತು.
ಹೆಂಗಸರ ಪ್ಯಾಂಟಿನ ಜೇಬು, ಎಷ್ಟು ಹಿಡಿದೀತು?
ನಾಲ್ಕು ಬೆರಳು ಒಳಗೆ,
ಹೆಬ್ಬೆರಳು ಹೊರಗೆ.
ಏನಿಟ್ಟಿದ್ದಾಳೆ ಅಂತ ನೋಡಲಿಲ್ಲ.
ಸ್ವಿಚ್ಚು ಒತ್ತಿದೆ.